ನುಡಿ ನಿಂತ ಹೊತ್ತಿನ ಕಾಯಕ



ವಚನಗಳಿಗೆ ವ್ಯಾಖ್ಯಾನ ಬರೆಯುವವರಿಗೆ ಒಂದು ತೊಡಕುಂಟು. ಅದು ಕವಿಗಳಿಗೂ ಕಥೆಗಾರರಿಗೂ ಅಷ್ಟಾಗಿ ಇರುವುದಿಲ್ಲ. ಕಡಲನ್ನೇ ಕಾಣದ ಕವಿಯು ಕಡಲನ್ನು ವರ್ಣಿಸಬಹುದು. ಸಮುದ್ರವರ್ಣನೆಯು ಅಷ್ಟಾದಶ ವರ್ಣನೆಗಳಲ್ಲಿ ಒಂದೇ ಆಗಿದೆ. ಹಾಗೆ ವರ್ಣಿಸುವ ಶಕ್ತಿಯನ್ನು ನಮ್ಮ ಕಾವ್ಯಮೀಮಾಂಸೆಯು ಪ್ರತಿಭೆ ಎಂದು ಕರೆದು ಗೌರವಿಸಿದೆ. ಆದರೆ ಶರಣರ ಒಂದು ವಚನವನ್ನು ಎದುರಿಗಿಟ್ಟುಕೊಂಡು ಅದರ ಭಾವವನ್ನು ಬಿಡಿಸಿ ಹೇಳಲು ಹೊರಟವನಿಗೆ ಪ್ರತಿಭೆಯೊಂದೇ ಸಾಲದು. ವಚನವು ಅವನನ್ನು ತಿರುಗಿ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವಿಲ್ಲದ ದಿನ ಅವನ ಲೇಖನಿಯು ತಾನಾಗಿಯೇ ನಿಲ್ಲುತ್ತದೆ.

ವಚನ ಎಂಬ ಶಬ್ದಕ್ಕೆ ಮಾತು ಎಂಬ ಅರ್ಥದ ಜೊತೆಗೆ ಕೊಟ್ಟ ಮಾತು, ಭಾಷೆ ಎಂಬ ಅರ್ಥವೂ ಕನ್ನಡದಲ್ಲಿ ಬಳಕೆಯಲ್ಲಿದೆ. ವಚನಭ್ರಷ್ಟನೆಂದರೆ ವ್ಯಾಕರಣ ತಪ್ಪಿ ಮಾತನಾಡಿದವನಲ್ಲ, ಆಡಿದಂತೆ ನಡೆಯದವನು. ನುಡಿಯು ಹೇಗಿರಬೇಕೆಂಬುದನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವು ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಅದರಲ್ಲಿ ಬರುವ ಉಪಮಾನಗಳನ್ನು ಭಾಷಣಕಾರರೆಲ್ಲರೂ ಎತ್ತಿ ಆಡುತ್ತಾರೆ. ಆದರೆ ಆ ವಚನವು ಮುಗಿಯುವುದು ಉಪಮಾನದಲ್ಲಿ ಅಲ್ಲ, ನಡೆಯನ್ನು ಕುರಿತ ಒಂದು ಪ್ರಶ್ನೆಯಲ್ಲಿ. ಬರೆಯುವವನು ಉಪಮಾನಗಳಲ್ಲಿ ಎಷ್ಟು ದಿನ ಬೇಕಾದರೂ ಸುಖವಾಗಿ ಇರಬಹುದು. ಆ ಕೊನೆಯ ಪ್ರಶ್ನೆಯ ಬಳಿಗೆ ಬಂದಾಗ ಕಾಲು ತಡೆಯುತ್ತದೆ.

ಶ್ರೀಮಠದ ಹಳೆಯ ಭಕ್ತರೊಬ್ಬರಿಗೆ ಹೀಗೆಯೇ ಆಯಿತು. ಅವರು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಅನೇಕ ವರ್ಷ ಪ್ರತಿ ವಾರವೂ ತಪ್ಪದೆ ಒಂದೊಂದು ವಚನಕ್ಕೆ ನಿರ್ವಚನ ಬರೆದು ಸೋಮವಾರ ಬೆಳಗಿನ ಪೂಜೆಯ ಹೊತ್ತಿಗೆ ಮಠಕ್ಕೆ ತಂದು ಒಪ್ಪಿಸುತ್ತಿದ್ದರು. ದುಂಡಾದ ಅಕ್ಷರ, ಎರಡೂ ಬದಿಗೆ ಬಿಟ್ಟ ಅಂಚು, ತಿದ್ದಿದ ಗುರುತೇ ಇಲ್ಲದ ಪುಟ. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಲಿಂಗೈಕ್ಯರಾದರೆ ಗಣಾರಾಧನೆಯ ದಿನ ನಾಲ್ಕು ಮಾತು ಹೇಳಲು ಅವರನ್ನೇ ಕರೆಯುತ್ತಿದ್ದರು. ಶರಣರಿಗೆ ಮರಣವೆಂಬುದಿಲ್ಲ, ಬಯಲು ಬಯಲನ್ನು ಕೂಡುವುದಷ್ಟೇ ಎಂದು ಅವರು ವಿವರಿಸುವಾಗ ಅಳುತ್ತಿದ್ದ ಮನೆಯವರೂ ಸೆರಗಿನಿಂದ ಕಣ್ಣೊರಸಿಕೊಂಡು ಕೇಳುತ್ತಿದ್ದರು.

ಬರೆದ ಪ್ರತಿಯೊಂದು ನಿರ್ವಚನವನ್ನೂ ಮಠಕ್ಕೆ ತರುವ ಮೊದಲು ಅವರು ಮನೆಯಲ್ಲಿ ಹೆಂಡತಿಗೆ ಓದಿ ಹೇಳುವ ರೂಢಿಯಿತ್ತು. ಆಕೆ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವರು. ಕಲ್ಲು ಆಯುವ ಕೈ ನಿಲ್ಲುತ್ತಿರಲಿಲ್ಲ. ಎಲ್ಲಿಯಾದರೂ ಷಟ್‌ಸ್ಥಲದ ಪರಿಭಾಷೆಯು ಅತಿಯಾಯಿತೆಂದು ಕಂಡರೆ, “ಇದು ಯಾರಿಗ ತಿಳೀಬೇಕ್ರಿ?” ಎಂದು ಒಂದೇ ಮಾತು ಅನ್ನುವರು. ಮಾಸ್ತರರು ಗೊಣಗುತ್ತಲೇ ಹೋಗಿ ಆ ವಾಕ್ಯವನ್ನು ಬಿಡಿಸಿ ಬರೆಯುತ್ತಿದ್ದರು. ಮಠಕ್ಕೆ ಬರುತ್ತಿದ್ದ ತಿದ್ದುಪಡಿಯಿಲ್ಲದ ಪುಟಗಳ ಹಿಂದೆ ಆ ಮೊರದ ಸದ್ದು ಇತ್ತೆಂಬುದು ಓದುಗರಿಗೆ ತಿಳಿದಿರಲಿಲ್ಲ.

ಆ ತಾಯಿಯವರು ಒಂದು ಆಷಾಢದಲ್ಲಿ, ಹೆಚ್ಚು ದಿನ ಮಲಗದೆ, ಲಿಂಗೈಕ್ಯರಾದರು. ಗಣಾರಾಧನೆಯ ದಿನ ಬಂಧುಬಳಗ, ಓಣಿಯವರು, ಮಠದ ಭಕ್ತರು ಸೇರಿದರು. ಪ್ರಸಾದಕ್ಕೆ ಮೊದಲು ಯಾರೋ ರೂಢಿಯಂತೆ ಮಾಸ್ತರರ ಕಡೆಗೆ ತಿರುಗಿ, ಎರಡು ಮಾತು ಹೇಳಬೇಕೆಂದರು. ಮಾಸ್ತರರು ಎದ್ದು ನಿಂತರು. ವಿಭೂತಿ ಧರಿಸಿದ ಹಣೆಯ ಮೇಲೆ ಬೆವರು ಮೂಡಿತು. ಕೈಜೋಡಿಸಿ ಎಲ್ಲರಿಗೂ ಶರಣು ಮಾಡಿ ಹಾಗೆಯೇ ಕುಳಿತುಬಿಟ್ಟರು.

ಮುಂದಿನ ಸೋಮವಾರ ನಿರ್ವಚನ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ಕಳೆಯಿತು.

ಅವರು ಪ್ರಯತ್ನಿಸಲಿಲ್ಲವೆಂದಲ್ಲ. ಬೆಳಗಿನ ಲಿಂಗಪೂಜೆಯ ನಂತರ ದಿನವೂ ಮೇಜಿನ ಮುಂದೆ ಕುಳಿತರು. ಹೊಸ ಲೇಖನಿ ಕೊಂಡರು, ಕುಳಿತುಕೊಳ್ಳುವ ಜಾಗ ಬದಲಿಸಿದರು, ಸುಲಭವೆಂದು ತೋರಿದ ವಚನಗಳನ್ನು ಆಯ್ದುಕೊಂಡರು. ವಚನವನ್ನು ಮೇಲೆ ಬರೆದುಕೊಂಡು, ಕೆಳಗೆ “ಈ ವಚನದಲ್ಲಿ” ಎಂಬಲ್ಲಿಗೆ ನಿಲ್ಲಿಸಿದ ಹಾಳೆಗಳು ಒಂದು ಕೈಚೀಲದ ತುಂಬ ಆದವು. ಹಿಂದೆ ಬರೆದದ್ದೆಲ್ಲ ಸುಳ್ಳೆಂದು ಅವರಿಗೆ ಅನಿಸಿರಲಿಲ್ಲ. ಅದೇ ಮಾತನ್ನು ಈಗ ಮತ್ತೆ ಬರೆಯಲು ಕೈ ಒಪ್ಪುತ್ತಿರಲಿಲ್ಲ, ಅಷ್ಟೆ. ಬೇರೆಯವರ ಮನೆಯಂಗಳದಲ್ಲಿ ನಿಂತು ಆಡಿದ ನುಡಿಯನ್ನು ತನ್ನ ಮನೆಯಂಗಳದಲ್ಲಿ ಆಡಬೇಕಾಗಿ ಬಂದಾಗ ಅದು ಬೇರೆಯೇ ತೂಕದ್ದಾಗಿ ಕಾಣುತ್ತದೆ. ಜೊತೆಗೆ, ಯಾರಿಗೆ ತಿಳಿಯಬೇಕೆಂದು ಕೇಳುವವರು ಈಗ ಇರಲಿಲ್ಲ.

ಹಿತೈಷಿಗಳು ಸಮಾಧಾನ ಹೇಳಿದರು. ಒಬ್ಬರು, ಮೌನವೇ ನುಡಿಗಿಂತ ದೊಡ್ಡದು, ಅಲ್ಲಮಪ್ರಭುಗಳೂ ಮಾತಿನ ಮಿತಿಯನ್ನು ತೋರಿಸಿಕೊಟ್ಟಿಲ್ಲವೇ, ನೀವು ಆ ಸ್ಥಿತಿಯನ್ನು ಮುಟ್ಟಿದ್ದೀರಿ ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತಾದರೂ ಇದನ್ನು ಒಪ್ಪುವಂತಿಲ್ಲ. ನುಡಿಯು ಹಣ್ಣಾಗಿ ಕಳಚಿದ ಮೇಲಿನ ಮೌನ ಬೇರೆ, ನುಡಿಯು ಗಂಟಲಲ್ಲಿ ಸಿಕ್ಕಿಕೊಂಡ ಮೌನ ಬೇರೆ. ಮಾತಿಗೆ ನಿಲುಕದ ನಿಲವನ್ನು ಕುರಿತು ಹೇಳಿದ ಪ್ರಭುದೇವರೇ ಸಾವಿರಕ್ಕೂ ಹೆಚ್ಚು ವಚನಗಳನ್ನು ಹೇಳಿದ್ದಾರೆ. ಊರೂರು ತಿರುಗಿ, ಸೊನ್ನಲಿಗೆಯ ಸಿದ್ಧರಾಮನಂಥವರನ್ನು ಹುಡುಕಿಕೊಂಡು ಹೋಗಿ, ವಾದಿಸಿ, ಕೆಣಕಿ, ನಡೆಸಿಕೊಂಡು ಬಂದಿದ್ದಾರೆ. ಬರೆಯಲಾಗದವನ ಸಂಕಟಕ್ಕೆ ಶೂನ್ಯವೆಂಬ ಹೆಸರಿಟ್ಟರೆ ಶೂನ್ಯಕ್ಕೂ ಗೌರವವಿಲ್ಲ, ಸಂಕಟಕ್ಕೂ ಪರಿಹಾರವಿಲ್ಲ. ಮಾಸ್ತರರಿಗೆ ಇದು ಗೊತ್ತಿತ್ತು. ಅವರು ಆ ಪ್ರಶಂಸೆಯನ್ನು ಸ್ವೀಕರಿಸಲಿಲ್ಲ.

ಇಲ್ಲಿ ಒಂದು ದೊಡ್ಡ ಸಂಗತಿಯನ್ನು ನೆನೆಯಬೇಕು. ನುಡಿ ನಿಂತುಹೋದದ್ದು ಒಬ್ಬಿಬ್ಬರಿಗೆ ಮಾತ್ರವಲ್ಲ. ಒಂದು ಕಾಲಕ್ಕೆ ಇಡೀ ಶರಣಸಮೂಹಕ್ಕೇ ಹಾಗಾಗಿತ್ತು. 1167ರ ಸುಮಾರಿಗೆ ಕಲ್ಯಾಣದಲ್ಲಿ ನಡೆದ ವಿಪ್ಲವದ ನಂತರ ಶರಣರು ಚದುರಿದರು. ಚನ್ನಬಸವಣ್ಣನವರು ಮೊದಲಾದವರು ಉಳವಿಯ ಕಾಡಿನ ದಾರಿ ಹಿಡಿದರು. ಓಲೆಯ ಕಟ್ಟುಗಳು ಯಾರ ಯಾರ ಬೆನ್ನ ಮೇಲೋ, ಯಾವ ಯಾವ ಊರಿಗೋ ಹೋದವು. ಅನುಭವ ಮಂಟಪದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತ ಬೆಳೆದ ನುಡಿಯದು. ಮಾತನಾಡುವವರು ಚದುರಿದ ಮೇಲೆ ನುಡಿಯೂ ಕುಗ್ಗಿತು. ಮುಂದಿನ ಎರಡು ಶತಮಾನಗಳಲ್ಲಿ ಹೊಸ ವಚನಗಳು ತೀರ ವಿರಳ. ಶರಣರ ನೆನಪು ಅಳಿದಿತ್ತೆಂದಲ್ಲ. ಹಂಪೆಯ ಹರಿಹರನು ರಗಳೆಗಳಲ್ಲಿ ಅವರ ಚರಿತೆಯನ್ನು ಮನಸಾರೆ ಹಾಡಿದನು; ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು. ಶರಣರ ಕಥೆಯನ್ನು ಹೇಳುವವರು ಇದ್ದರು, ಶರಣರಂತೆ ನುಡಿಯುವವರು ಕಾಣುತ್ತಿರಲಿಲ್ಲ.

ಆ ಮೌನ ಹೇಗೆ ಮುರಿಯಿತು? ಯಾವನೋ ಒಬ್ಬ ಮಹಾಕವಿ ಏಕಾಏಕಿ ಎದ್ದು ಹೊಸ ವಚನಗಳನ್ನು ಹೇಳಿದ್ದರಿಂದ ಮುರಿಯಲಿಲ್ಲ. 15ನೆಯ ಶತಮಾನದ ಪೂರ್ವಾರ್ಧದಲ್ಲಿ, ಪ್ರೌಢದೇವರಾಯನೆಂದು ಹೆಸರಾದ ಎರಡನೆಯ ದೇವರಾಯನು ವಿಜಯನಗರವನ್ನು ಆಳುತ್ತಿದ್ದಾಗ, ನೂರೊಂದು ವಿರಕ್ತರು ಎಂದು ಪರಂಪರೆಯು ನೆನೆಯುವ ಶಿವಯೋಗಿಗಳ ಸಮೂಹವೊಂದು ಬೇರೊಂದು ಕೆಲಸಕ್ಕೆ ತೊಡಗಿತು. ಅವರು ಹಳೆಯ ಓಲೆಗಳನ್ನು ಹುಡುಕಿದರು. ಪ್ರತಿ ಮಾಡಿದರು. ಬಿಡಿಬಿಡಿಯಾಗಿ ಬಿದ್ದಿದ್ದ ವಚನಗಳನ್ನು ಸ್ಥಲಕಟ್ಟಿಗೆ ಅಳವಡಿಸಿದರು. ಜಕ್ಕಣಾರ್ಯರು, ಮಹಲಿಂಗದೇವರು ನೂರೊಂದು ಸ್ಥಲಗಳ ಚೌಕಟ್ಟಿನಲ್ಲಿ ವಚನಗಳನ್ನು ಜೋಡಿಸಿದ್ದು ಈ ಕಾಲದಲ್ಲಿಯೇ. ಲಕ್ಕಣ್ಣ ದಂಡೇಶನ ‘ಶಿವತತ್ತ್ವಚಿಂತಾಮಣಿ’ಯೂ ಇದೇ ಕಾಲದ್ದು. ಬೆಡಗಿನ ವಚನಗಳಿಗೆ ಟೀಕು ಬರೆಯುವ ಸಂಪ್ರದಾಯವು ಬಲವಾಗಿ ಬೆಳೆಯಿತು.

ಅವರಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಅವರು ಅಲ್ಲಮಪ್ರಭುಗಳ ಸುತ್ತ ಶರಣರ ವಚನಗಳನ್ನು ಪ್ರಶ್ನೆ-ಉತ್ತರಗಳೆಂಬಂತೆ ಎದುರುಬದುರು ಕೂಡಿಸಿ ಮೊದಲ ‘ಶೂನ್ಯಸಂಪಾದನೆ’ಯನ್ನು ರಚಿಸಿದರು. ಆ ಮಹಾಗ್ರಂಥದಲ್ಲಿ ಮಹಾದೇವಯ್ಯನವರ ಸ್ವಂತ ಮಾತೆಂದರೆ ವಚನ ವಚನಗಳ ನಡುವೆ ಬರುವ ಗದ್ಯ ಮಾತ್ರ. ಇಂಥ ಶರಣರು ಹೀಗೆ ಕೇಳಲು ಪ್ರಭುದೇವರು ಹೀಗೆ ಹೇಳಿದರು ಎಂದು ಸೂಚಿಸುವ ಕೆಲವೇ ಪಂಕ್ತಿಗಳು. ಉಳಿದದ್ದೆಲ್ಲ ಹಿರಿಯರ ನುಡಿ. ಆದರೂ ಅದನ್ನು ಬರಿಯ ಸಂಕಲನವೆಂದು ಯಾರೂ ಕರೆಯುವುದಿಲ್ಲ. ಒಂದು ವಚನದ ಪಕ್ಕದಲ್ಲಿ ಯಾವ ವಚನವನ್ನು ಇಡಬೇಕೆಂದು ತಿಳಿಯಬೇಕಾದರೆ ಎರಡನ್ನೂ ಎಷ್ಟು ಕಾಲ ಮಡಿಲಲ್ಲಿಟ್ಟುಕೊಂಡು ಕುಳಿತಿರಬೇಕು! ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಶಿವಯೋಗಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದೇ ಕೆಲಸವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ನಾಲ್ಕು ಶೂನ್ಯಸಂಪಾದನೆಗಳು ನಮಗೆ ದಕ್ಕಿದವು.

ಇಷ್ಟೆಲ್ಲ ಪ್ರತಿ ಮಾಡಿ, ಜೋಡಿಸಿ, ಟೀಕು ಬರೆದು ನೆಲ ಹದವಾದ ಮೇಲೆ ಹೊಸ ನುಡಿಯೂ ಬಂದಿತು. ತೋಟದಲ್ಲಿ ತಪವಿದ್ದು ತೋಂಟದ ಸಿದ್ಧಲಿಂಗ ಯತಿಗಳೆನಿಸಿ ಎಡೆಯೂರಿನಲ್ಲಿ ನಿರ್ವಿಕಲ್ಪ ಸಮಾಧಿಯನ್ನು ಹೊಂದಿದ ಮಹಾಮಹಿಮರು ತಾವೇ 701 ವಚನಗಳನ್ನು ರಚಿಸಿದರು. ಅವರ ಶಿಷ್ಯಪರಂಪರೆಯಲ್ಲಿ ಮತ್ತೆ ವಚನಕಾರರು ಸಾಲುಸಾಲಾಗಿ ಬಂದರು. ಎರಡು ಶತಮಾನ ಬತ್ತಿದ್ದ ಒರತೆಗೆ ಮತ್ತೆ ನೀರು ಬಂದದ್ದು ಹಳೆಯ ಹೂಳನ್ನು ತೆಗೆದವರಿಂದ.

ಆಧುನಿಕ ಕಾಲದಲ್ಲಿಯೂ ಇದೇ ನಡೆಯಿತು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದುಕೊಂಡು ಮನೆಮನೆಯ ಜಗುಲಿ, ಮಾಡುಗಳಿಂದ ತಾಡೋಲೆಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದದ್ದು, ಮುದ್ರಣಕ್ಕಾಗಿ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದ್ದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದ್ದು ಭಕ್ತರಿಗೆಲ್ಲ ತಿಳಿದ ವಿಷಯವೇ. 20ನೆಯ ಶತಮಾನದ ಕನ್ನಡದಲ್ಲಿ ವಚನದ ಧಾಟಿಯು ಮತ್ತೆ ಚಿಗುರಿದ್ದಕ್ಕೆ ಆ ಹಳೆಯ ಓಲೆಗಳ ಧೂಳು ಕೊಡವಿದ ಕೈಗಳೇ ಕಾರಣ.

ಶ್ರೀಮಠದ ಪರಮಪೂಜ್ಯರು ಮಾಸ್ತರರಿಗೆ ಈ ಚರಿತ್ರೆಯನ್ನೆಲ್ಲ ಹೇಳಲಿಲ್ಲ. ಮಾಸ್ತರರಿಗೆ ಅದು ಗೊತ್ತಿದ್ದದ್ದೇ. ಮೂವತ್ತು ವರ್ಷ ಪಾಠ ಹೇಳಿದವರು. ಒಂದು ಸೋಮವಾರ ದರ್ಶನಕ್ಕೆ ಬಂದು ಬರಿಗೈಯಲ್ಲಿ ಕುಳಿತಿದ್ದ ಅವರನ್ನು ನೋಡಿ ಪೂಜ್ಯರು, ಏಕೆ ಬರೆಯಲಿಲ್ಲವೆಂದು ಕೇಳಲಿಲ್ಲ. “ಮಾಸ್ತರ, ನಿಮಗ ಓಲಿ ಓದಾಕ ಬರತೈತಲ್ಲ?” ಎಂದರು.

“ಸಣ್ಣಾವಿದ್ದಾಗ ಕಲಿತಿದ್ದೆ ಅಪ್ಪಾರ. ಈಗ ಕಣ್ಣು ಮಂಜಾಗ್ಯಾವ.”

“ಬೆಳಕಿನ್ಯಾಗ ಕೂಡ್ರ್ರಿ. ಅವಸರೇನಿಲ್ಲ.”

ಗ್ರಂಥಭಂಡಾರದಿಂದ ಒಂದು ಸಣ್ಣ ಕಟ್ಟನ್ನು ತರಿಸಿ ಮುಂದಿಟ್ಟರು. ಮೇಲೂ ಕೆಳಗೂ ಮರದ ಹಲಗೆ, ನಡುವೆ ರಂಧ್ರದೊಳಗೆ ಹಾಯಿಸಿದ ದಾರ; ಅಂಚುಗಳನ್ನು ಹುಳು ತಿಂದಿತ್ತು. ಶಿವಶರಣೆಯರ ವಚನಗಳ ಕಟ್ಟು ಅದು. ಅದರ ಪಾಠವನ್ನು ಪ್ರತಿ ಮಾಡಿ, ಮುದ್ರಿತ ಸಂಪುಟದೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಗುರುತಿಸುವುದು ಅವರ ಪಾಲಿಗೆ ಬಂದ ಕಾಯಕ. ಕರ್ನಾಟಕ ಸರ್ಕಾರವು 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದ ಮೇಲೆ ಇಂಥ ಹೋಲಿಕೆಯ ಕೆಲಸಕ್ಕೆ ಒಳ್ಳೆಯ ಆಧಾರ ದೊರೆತಿದೆ. ಸ್ವಂತದ್ದಾಗಿ ಒಂದು ವಾಕ್ಯವನ್ನೂ ಬರೆಯಬೇಕಾಗಿರಲಿಲ್ಲ. ಹಾಗೆ ಬರೆಯಬಾರದೆಂದೇ ಅಪ್ಪಣೆಯಾಗಿತ್ತು.

ತಾಡೋಲೆಯನ್ನು ಓದಿ ರೂಢಿಯಿಲ್ಲದವರಿಗೆ ಆ ಕೆಲಸದ ಬಗೆ ತಿಳಿಯುವುದು ಕಷ್ಟ. ಮಸಿಯಿಂದ ಬರೆದದ್ದಲ್ಲ ಅದು. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದದ್ದು. ಕೊರೆದ ಗೀರುಗಳಲ್ಲಿ ಕಾಡಿಗೆ ನಿಲ್ಲುವಂತೆ ತಿಕ್ಕಿದರೆ ಮಾತ್ರ ಅಕ್ಷರ ಕಣ್ಣಿಗೆ ಬೀಳುತ್ತದೆ. ಶಬ್ದ ಶಬ್ದಗಳ ನಡುವೆ ತೆರಪಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ ಯಾವುದೂ ಇಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳು ಒಂದನ್ನೊಂದು ಹಿಡಿದುಕೊಂಡು ಇರುವೆಯ ಸಾಲಿನಂತೆ ಹೋಗುತ್ತವೆ. ಎಲ್ಲಿ ಒಡೆಯಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ತಪ್ಪಾಗಿ ಒಡೆದರೆ ಅರ್ಥ ಬರುವುದಿಲ್ಲ. ಅರ್ಥವಾಗದೆ ಒಡೆಯಲು ಬರುವುದಿಲ್ಲ. ಹೀಗಾಗಿ ಬೇಗ ಓದುವ ಮಾತೇ ಇಲ್ಲ. ಒಂದು ಪುಟದ ನಿರ್ವಚನವನ್ನು ಒಂದು ಬೆಳಗಿನಲ್ಲಿ ಬರೆದು ಮುಗಿಸುತ್ತಿದ್ದ ಕೈಗೆ ಒಂದು ಗರಿಗೆ ಎರಡು ದಿನ ಹಿಡಿಯಿತು.

ಇನ್ನೂ ಒಂದು ತೊಡಕಿದೆ. ಹಳೆಯ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ತೋರಿಸುವ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ‘ಕೊಡು’ ಎಂದು ಬರೆದದ್ದು ಕೊಡುವುದೂ ಆಗಬಹುದು, ದನದ ಕೋಡೂ ಆಗಬಹುದು. ಸಂದರ್ಭವೇ ಹೇಳಬೇಕು. ಮಾಸ್ತರರು ಒಂದು ಗರಿಯಲ್ಲಿ ಇಂಥದೇ ಒಂದು ಶಬ್ದದ ಬಳಿ ಬಂದು ನಿಂತರು. ಅದನ್ನು ‘ಬೆರೆ’ ಎಂದೂ ಓದಬಹುದಿತ್ತು, ‘ಬೇರೆ’ ಎಂದೂ ಓದಬಹುದಿತ್ತು. ಒಂದರ ಅರ್ಥ ಕೂಡಿಹೋಗು, ಇನ್ನೊಂದರ ಅರ್ಥ ಅಗಲಿದ್ದು. ಕೊರೆದವರ ಕಂಠವು ಎರಡಕ್ಕೂ ಒಂದೇ ಗೀರು ಎಳೆದಿತ್ತು. ಅಂದು ಅವರು ಬಹಳ ಹೊತ್ತು ಕಿಟಕಿಯ ಬೆಳಕಿಗೆ ಗರಿಯನ್ನು ಹಿಡಿದುಕೊಂಡು ಕುಳಿತಿದ್ದರು. ಸಂದರ್ಭವನ್ನು ನೋಡಿ ನಿರ್ಧರಿಸುವುದು ಕಷ್ಟವೇನೂ ಆಗಿರಲಿಲ್ಲ. ಮುದ್ರಿತ ಪಾಠವೂ ಪಕ್ಕದಲ್ಲಿಯೇ ಇತ್ತು. ಆದರೂ ನೋಟುಬುಕ್ಕಿನ ಅಂಚಿನಲ್ಲಿ, ಅಪ್ಪಣೆ ಇಲ್ಲದಿದ್ದರೂ, ಒಂದು ಸಾಲು ಬರೆದರು: ಕಣ್ಣಿಗೆ ಎರಡೂ ಒಂದೇ, ಬಾಯಿಬಿಟ್ಟು ಓದಿದಾಗ ಮಾತ್ರ ಎರಡಾಗುತ್ತವೆ.

ಒಂದು ವರ್ಷಕ್ಕೂ ಮಿಕ್ಕ ಮೌನದ ನಂತರ ಅವರ ಕೈಯಿಂದ ಬಂದ ಮೊದಲ ಸ್ವಂತ ವಾಕ್ಯ ಇದು. ಪಾಠಾಂತರದ ಟಿಪ್ಪಣಿ ಬರೆಯುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಆ ಕಟ್ಟಿನಲ್ಲಿ ಮುಂದೆ ನೀಲಮ್ಮನವರ ವಚನಗಳು ಬಂದವು. ಬಸವಣ್ಣನವರ ಧರ್ಮಪತ್ನಿಯಾದ ನೀಲಾಂಬಿಕೆ ತಾಯಿಯವರು ಸಂಗಯ್ಯ ಎಂಬ ಅಂಕಿತದಲ್ಲಿ ನೂರಕ್ಕೂ ಮಿಕ್ಕ ವಚನಗಳನ್ನು ನುಡಿದಿದ್ದಾರೆ. ಅವರನ್ನು ಕುರಿತ ಕಥನವು ಎಲ್ಲರೂ ಬಲ್ಲದ್ದು. ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದ ಬಸವಣ್ಣನವರು ಹಡಪದ ಅಪ್ಪಣ್ಣನವರ ಮೂಲಕ ನೀಲಮ್ಮನವರಿಗೆ ಹೇಳಿಕಳಿಸುತ್ತಾರೆ. ಅಲ್ಲಿರುವ ದೇವರು ಇಲ್ಲಿಯೂ ಇರುವನಲ್ಲವೇ ಎಂಬ ಭಾವದ ಮಾತನ್ನು ಆ ತಾಯಿ ಆಡುತ್ತಾರೆ. ಬಸವಣ್ಣನವರು ಸಂಗಮದಲ್ಲಿ ಐಕ್ಯರಾಗುತ್ತಾರೆ. ನೀಲಮ್ಮನವರು ಕೃಷ್ಣಾತೀರದ ತಂಗಡಗಿಯಲ್ಲಿ ಐಕ್ಯರಾಗುತ್ತಾರೆ. ಪ್ರವಚನಗಳಲ್ಲಿ ಈ ಪ್ರಸಂಗವನ್ನು ಆ ತಾಯಿಯ ಅದ್ವೈತನಿಷ್ಠೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಮಾಸ್ತರರೂ ಹಾಗೆಯೇ ಅನೇಕ ಸಲ ಹೇಳಿದ್ದರು. ಅದು ಸರಿಯಾದ ಮಾತೇ.

ಆದರೆ ವಚನಗಳನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿಕೊಂಡು, ದಿನಕ್ಕೆ ಕೆಲವೇ ಪಂಕ್ತಿಗಳ ವೇಗದಲ್ಲಿ ಪ್ರತಿ ಮಾಡುವವನಿಗೆ ಬೇರೊಂದು ಸಂಗತಿಯೂ ಕಾಣುತ್ತದೆ. ಆ ವಚನಗಳಲ್ಲಿ ಬಸವ ಎಂಬ ಹೆಸರು ಎಷ್ಟು ಸಲ ಬರುತ್ತದೆ! ಕರೆದದ್ದನ್ನೇ ಮತ್ತೆ ಮತ್ತೆ ಕರೆಯುವ ಧ್ವನಿ ಅದು. ಬಸವನು ಬಯಲಾದನೆಂದು ಹೇಳಿದ ಮೇಲೆಯೂ ಮಾತು ಮುಗಿಯುವುದಿಲ್ಲ. ಮತ್ತೊಂದು ವಚನದಲ್ಲಿ ಮತ್ತೆ ಅಲ್ಲಿಗೇ ಬರುತ್ತದೆ. ರೂಪವಳಿದ ಮೇಲೆ ತನಗೇನು ಉಳಿಯಿತು, ತನ್ನ ಕುರುಹು ಏನಾಯಿತು ಎಂಬ ವಿಚಾರವು ಬಿಟ್ಟೂ ಬಿಡದೆ ತಿರುಗುತ್ತದೆ. ವ್ಯಾಖ್ಯಾನಕಾರರಾದ ನಾವು ಇಂಥ ಕಡೆಗಳಲ್ಲಿ ಬೇಗನೆ ಐಕ್ಯಸ್ಥಲ ಎಂದು ಬರೆದು ಮುಂದೆ ಸಾಗುತ್ತೇವೆ. ಸ್ಥಲನಿರ್ದೇಶವು ತಪ್ಪಲ್ಲ. ಅದನ್ನು ಬರೆಯುವ ಅವಸರವು ಆ ತಾಯಿಯ ಕರೆಯನ್ನು ಮುಚ್ಚಿಬಿಡುತ್ತದೆ. ಬಯಲು ಬಯಲನ್ನು ಕೂಡುತ್ತದೆಂದು ಬಲ್ಲವರೂ ಕೂಡಿಹೋದವರ ಹೆಸರನ್ನು ಇಷ್ಟೊಂದು ಸಲ ಕರೆಯಬಹುದೆಂದು ಆ ವಚನಗಳೇ ತೋರಿಸುತ್ತಿರುವಾಗ, ದುಃಖವಿಲ್ಲದಿರುವುದೇ ಶರಣಲಕ್ಷಣವೆಂದು ಹೇಳಲು ನಮಗೆ ಅಧಿಕಾರ ಕೊಟ್ಟವರು ಯಾರು?

ಮಾಸ್ತರರಿಗೆ ತಾನು ಎಲ್ಲಿ ತಡೆದು ನಿಂತಿದ್ದೆನೆಂಬುದು ಇಲ್ಲಿ ತಿಳಿಯಿತು. ಶರಣರಿಗೆ ಮರಣವಿಲ್ಲವೆಂಬ ಮಾತನ್ನು ಬರೆಯಲು ಕೈ ಬರುತ್ತಿರಲಿಲ್ಲ. ಅದು ಸುಳ್ಳೆಂದು ಬರೆಯಲೂ ಮನಸ್ಸಿರಲಿಲ್ಲ. ಎರಡರ ನಡುವೆ ಒಂದು ಜಾಗವಿದೆಯೆಂದೂ ಅಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಒಬ್ಬ ತಾಯಿ ಕುಳಿತು ನುಡಿದಿದ್ದಾಳೆಂದೂ ಅರಿವಾಯಿತು.

ಆ ರಾತ್ರಿ ಅವರು ಬರೆಯಲು ಕುಳಿತರು. ಹನ್ನೆರಡು ಪುಟವಾಯಿತು. ಎರಡು ದಿನ ಬಿಟ್ಟು ಅದನ್ನು ತೆಗೆದು ಗಟ್ಟಿಯಾಗಿ ಓದಿಕೊಂಡರು, ಮನೆಯಲ್ಲಿ ಕೇಳುವವರು ಇಲ್ಲದಿದ್ದರೂ. ಓದುತ್ತ ಹೋದಂತೆ ಎಲ್ಲಿ ಆ ಪ್ರಶ್ನೆ ಬರುತ್ತಿತ್ತೆಂಬುದು ಕಿವಿಗೆ ತಾನಾಗಿ ತಿಳಿಯುತ್ತಿತ್ತು. ಇದು ಯಾರಿಗ ತಿಳೀಬೇಕ್ರಿ? ಅಂಥ ಕಡೆಯಲ್ಲೆಲ್ಲ ಒಂದೊಂದು ಗೆರೆ ಎಳೆದರು. ಆಯ್ದಕ್ಕಿ ಲಕ್ಕಮ್ಮನವರ ಕಥೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಆಯ್ದ ಅಕ್ಕಿಯನ್ನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಆ ತಾಯಿ ಹೇಳಿ ಕಳಿಸಿದರು. ದಾಸೋಹದ ವಿಷಯದಲ್ಲಿ ಹೇಳುವ ಈ ಕಥೆಯು ಬರೆಯುವವರಿಗೂ ಸಲ್ಲುತ್ತದೆ. ಬಹಳ ದಿನ ತಡೆದ ನುಡಿ ಬಂದಾಗ ಬೇಕಾದದ್ದಕ್ಕಿಂತ ಹೆಚ್ಚೇ ಬರುತ್ತದೆ. ಹನ್ನೆರಡು ಪುಟದಲ್ಲಿ ಹತ್ತನ್ನು ಮಾಸ್ತರರು ಬಿಟ್ಟರು. ಉಳಿದ ಎರಡು ಪುಟಗಳಲ್ಲಿ ತಿದ್ದುಗಳಿದ್ದವು. ಅವನ್ನು ಮತ್ತೆ ದುಂಡಾಗಿ ಬರೆಯುವ ಗೋಜಿಗೆ ಹೋಗದೆ ಹಾಗೆಯೇ ಸೋಮವಾರ ಮಠಕ್ಕೆ ತಂದರು.

ಪೂಜ್ಯರು ಓದಿದರು. ಹೊಗಳಲಿಲ್ಲ. ಒಂದು ಕಡೆ ‘ಐಕ್ಯಸ್ಥಲ’ ಎಂಬ ಶಬ್ದವಿತ್ತು, ಅದರ ಮೇಲೆ ಬೆರಳಿಟ್ಟು, “ಇದು ಇರಲೇನು?” ಎಂದು ಕೇಳಿದರು.

“ಇರ್ಲಿ ಅಪ್ಪಾರ. ಕಡೀಕ ಐತಿ, ಮೊದಲಿಗಿಲ್ಲ” ಎಂದರು ಮಾಸ್ತರರು.

ಅವರ ನಿರ್ವಚನಗಳು ಈಗ ವಾರಕ್ಕೊಂದು ಬರುವುದಿಲ್ಲ. ತಿಂಗಳಿಗೊಂದು ಬಂದರೆ ಹೆಚ್ಚು. ಒಮ್ಮೊಮ್ಮೆ ಒಂದೇ ಪುಟ. ಓಲೆಯ ಕಟ್ಟಿನ ಕೆಲಸ ಮುಗಿದಿಲ್ಲ, ಇನ್ನೂ ಅನೇಕ ಗರಿಗಳು ಉಳಿದಿವೆ. ಬೆಳಕು ಚೆನ್ನಾಗಿರುವ ದಿನಗಳಲ್ಲಿ ಭಂಡಾರದ ಪೂರ್ವದಿಕ್ಕಿನ ಕಿಟಕಿಯ ಬಳಿ ಕುಳಿತು ಓದುತ್ತಾರೆ, ನೋಟುಬುಕ್ಕಿನ ಅಂಚಿನಲ್ಲಿ ಏನಾದರೂ ಗುರುತು ಹಾಕುತ್ತಾರೆ.

ಕಳೆದ ಶ್ರಾವಣಕ್ಕೆ ಮೊದಲು ಹತ್ತಿರದ ಹಳ್ಳಿಯೊಂದರಲ್ಲಿ ನಡೆದ ಗಣಾರಾಧನೆಗೆ ಅವರನ್ನು ಮತ್ತೆ ಕರೆದರು. ಎಳೆಯ ವಯಸ್ಸಿನ ಮಗನನ್ನು ಕಳೆದುಕೊಂಡ ಮನೆ ಅದು. ಮಾಸ್ತರರು ಎದ್ದು ನಿಂತು ಮೊದಲು ಆ ಹುಡುಗನ ಹೆಸರನ್ನು ಹೇಳಿದರು. ಆಮೇಲೆ ನೀಲಮ್ಮನವರ ವಿಷಯವನ್ನು ಐದಾರು ನಿಮಿಷ ಹೇಳಿದರು. ಶರಣು ಮಾಡಿ, ಪಂಕ್ತಿಯಲ್ಲಿ ಹುಡುಗನ ತಂದೆಯ ಪಕ್ಕದಲ್ಲಿ ಪ್ರಸಾದಕ್ಕೆ ಕುಳಿತರು.